ತಿದ್ದಲಾಗದ ಮರುಮುದ್ರಣ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪ್ರೂಫಕ್ಕ ಎಂದೇ. ಗಂಡ ತೀರಿಹೋದ ಮೇಲೆ ಅಚ್ಚಿಗೆ ಹೋಗುವ ಪ್ರೂಫು ತಿದ್ದಲು ಕೆಂಪು ಪೆನ್ನು ಹಿಡಿದವಳು. ಇದ್ದೊಬ್ಬ ಮಗಳನ್ನು ಹೈಸ್ಕೂಲಿನವರೆಗೆ ತಂದದ್ದೂ ಅದೇ ಪೆನ್ನು. ಪೊಟ್ಟಣ ಕಟ್ಟಿದ ಪೇಪರಿನ ಚೂರನ್ನೂ ತಿದ್ದದೆ ಬಿಸಾಡಿದವಳಲ್ಲ. ಒಂದು ತಪ್ಪು ಕಣ್ಣು ತಪ್ಪಿಸಿ ಅಚ್ಚಾಗಿಬಿಟ್ಟರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಆಗ ಯಜಮಾನರು, "ಹೋಗ್ಲಿ ಬಿಡಮ್ಮ, ಮುಂದಿನ ಮುದ್ರಣದಲ್ಲಿ ಸರಿಮಾಡಿದ್ರಾಯ್ತು" ಎನ್ನುತ್ತಿದ್ದರು. ಆ ಮಾತನ್ನೇ ನೆಚ್ಚಿಕೊಂಡು ಅವಳು ಬದುಕಿದ್ದಳು.

ಅದಕ್ಕೆ ಕೊಳ್ಳಿಯಿಟ್ಟದ್ದು ಪ್ರೂಫಿಗೆ ಬಂದ, ಹಳೆಯ ಗ್ರೀಕರ ತತ್ವಜ್ಞಾನದ ಮೇಲಿನ ಒಂದು ಪುಸ್ತಕ. ಕೆಲವು ಪಂಡಿತರು ಕಣ್ಣಿಗೆ ಕಾಣದ ಲೋಕ ಹುಡುಕುತ್ತಿದ್ದಾಗ ಸ್ಟೋಯಿಕರೆಂಬ ಪಂಥದವರು, ಜೀವವೂ ಒಂದು ದೇಹವೇ, ಕಲ್ಲನ್ನೂ ಮನುಷ್ಯನನ್ನೂ ಒಂದೇ ಬಿಸಿಯುಸಿರು ಬಿಗಿಹಿಡಿದಿದೆ ಎಂದರಂತೆ. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ಜಗತ್ತೆಲ್ಲ ಬೆಂಕಿಯಾಗಿ, ಮತ್ತೆ ಅದೇ ಜಗತ್ತು ಹುಟ್ಟುತ್ತದೆ: ಅದೇ ಜನ, ಅದೇ ಬೀದಿ, ಅದೇ ತಪ್ಪು. ಅಕ್ಷರದ ಒಂದು ಕೊಂಬೂ ಬದಲಾಗದು. ಪಂಡಿತರಿಗೇನು, ಹೇಳಿ ಹೋಗುತ್ತಾರೆ. ಪ್ರೂಫಕ್ಕನಿಗೆ ಮಾತ್ರ ತಪ್ಪು ಸರಿಮಾಡುವ ಮುಂದಿನ ಮುದ್ರಣವೇ ಇಲ್ಲವಾಯಿತು. ಆ ವಾರವೇ ಮಗಳ ಬಲಗಣ್ಣಿನ ಆಪರೇಷನ್. ಕೆಟ್ಟರೆ ಒಂದೇ ಸಲವಲ್ಲ, ಜಗತ್ತು ಮತ್ತೆ ಹುಟ್ಟಿದ ಪ್ರತಿ ಸಲವೂ ಕೆಡುತ್ತದೆ.

ಆಸ್ಪತ್ರೆಯಲ್ಲಿ ನರ್ಸು ಒಪ್ಪಿಗೆಯ ಹಾಳೆ ಮುಂದಿಟ್ಟಳು. ಪ್ರೂಫಕ್ಕನಿಗೆ ಕೈಯೇ ಏಳಲಿಲ್ಲ.

"ಆಗೋದೆಲ್ಲ ಮೊದಲೇ ಬರೆದಾಗಿದೆ ಅಂದ್ಮೇಲೆ ನಾನು ಸಹಿ ಹಾಕಿದ್ರೇನು, ಬಿಟ್ರೇನು?"

"ಅಮ್ಮ, ನೀನು ಹೀಗೆ ಕೂತ್ರೆ ನಂಗೂ ಭಯ ಆಗುತ್ತೆ" ಎಂದಳು ಮಗಳು. ಆ ಮಾತು ಕೇಳಲಾರದೆ ತಾಯಿ ತಟಕ್ಕನೆ ಸಹಿ ಗೀಚಿದಳು. ಮಗಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು.

ಬೆಂಚಿನ ಮೇಲೆ ಕೂತಾಗ ಹೊಳೆಯಿತು, ಹಾಳೆಯನ್ನು ತಾನು ಓದಿಯೇ ಇಲ್ಲ. ಯಾವ ಕಣ್ಣು ಎಂದು ಬರೆದಿದ್ದರು? ಎಡಗಣ್ಣು ಎಂದಿದ್ದರೆ? ಈ ಓದದ ಸಹಿಯೂ ಪ್ರತಿ ಸಲ ಮರಳಿ ಬರುತ್ತದೆಯೇ?

ಎಲ್ಲ ವಿಧಿಯೆಂದು ಕೈಕಟ್ಟಿ ಕೂರುವವರಿಗೆ ಅದೇ ಸ್ಟೋಯಿಕರು ಒಂದು ಉತ್ತರ ಕೊಟ್ಟಿದ್ದರು: ರೋಗಿ ಬದುಕುವುದು ವಿಧಿಯಾದರೆ, ವೈದ್ಯನನ್ನು ಕರೆಯುವುದೂ ವಿಧಿಯೇ. ಪ್ರೂಫು ತಿದ್ದುವಾಗ ಅವಳು ಆ ಸಾಲಿಗೆ ಒಂದು ಅಲ್ಪವಿರಾಮ ಹಾಕಿ ಮುಂದೆ ಹೋಗಿದ್ದಳು, ಅಷ್ಟೆ. ಈಗ ಅದರ ಅರ್ಥ ಹೊಳೆದು, ಎದ್ದು ಎರಡೂ ಕೈಯಿಂದ ಬಾಗಿಲು ಬಡಿದಳು.

ನರ್ಸು ಹಾಳೆ ಹಿಡಿದೇ ಇಣುಕಿದಳು. "ಏನಮ್ಮ?"

"ಯಾವ ಕಣ್ಣು ಅಂತ ಬರೆದಿದೆ, ಓದಿ ಹೇಳಮ್ಮ."

ನರ್ಸು ಹಾಳೆ ನೋಡಿದಳು. "ಬಲಗಣ್ಣು."

"ಇನ್ನೊಂದ್ಸಲ ಓದು. ನಿಧಾನಕ್ಕೆ, ಮೇಲಿಂದ."

ನರ್ಸು ಓದಿದಳು. ಪ್ರೂಫಕ್ಕನ ಬೆರಳು ಗಾಳಿಯಲ್ಲೇ ಒಂದೊಂದು ಅಕ್ಷರದ ಕೆಳಗೂ ಸರಿಯುತ್ತಿತ್ತು.