ಮಂಕರಿಯೊಳಗೆ ಅತ್ತೆಯ ಕೈ

ನಿನ್ನೆ ಕಲಾಸಿಪಾಳ್ಯದ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಆಟೋ ಒಂದು ಕೋಳಿಗಾಡಿಯ ಹಿಂದೆ ನಿಂತಿತು. ಒದ್ದೆ ಪುಕ್ಕದ ವಾಸನೆ. ಡ್ರೈವರ್ ಮೂಗು ಮುಚ್ಚಿಕೊಂಡರು. ನನಗೋ ಎದೆ ಹೊಡೆದುಕೊಳ್ಳತೊಡಗಿತು. ಕೋಳಿಯ ವಾಸನೆಗೆ ಹೆದರುವವರನ್ನು ನೀವು ಕಂಡಿರಲಾರಿರಿ. ಕಾರಣ ಹೇಳುತ್ತೇನೆ, ಕೇಳಿ.

ಮದುವೆಯಾಗಿ ನಾನು ಹೋದದ್ದು ಓಕಳಿಪುರಂನ ಮನೆಗೆ. ಹಿತ್ತಲು ಎಂದರೆ ಎರಡು ಮಂಚ ಹಿಡಿಸುವಷ್ಟು ಜಾಗ, ಆಮೇಲೆ ಗೋಡೆ, ಗೋಡೆಯಾಚೆ ರೈಲುಹಳಿ. ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದ ಅತ್ತೆ ಅಲ್ಲಿ ನಾಟಿಕೋಳಿ ಸಾಕಿದ್ದರು. ಹದ್ದಿಗೆ ಕಾಣದಂತೆ ಮೇಲೆ ಹಳೆಯ ಸೀರೆ, ಬೆಕ್ಕು ಹತ್ತದಂತೆ ಗೋಡೆಯ ಮೇಲೆ ಮುಳ್ಳುಕೊಂಬೆ. ಮುಂಗುಸಿ ನುಗ್ಗದಂತೆ ಮೋರಿಯ ಕಂಡಿಗೆ ಕಬ್ಬಿಣದ ಜಾಲರಿ ಇಟ್ಟು, ಅದಕ್ಕೊಂದು ಇಟ್ಟಿಗೆ ಆನಿಸಿದ್ದರು. ಬಿ.ಎಸ್ಸಿ. ಓದಿದ ನಾನು ಮಾತ್ರ ಹುಂಜ ರೆಕ್ಕೆ ಬಡಿದರೆ ಅಡುಗೆಮನೆಗೆ ಓಡುತ್ತಿದ್ದೆ.

ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಾಗ ಈ ಕಾವಲು ನನ್ನ ಪಾಲಿಗೆ ಬಂತು. ನಾಲ್ಕನೆಯ ದಿನ ಹಿತ್ತಲು ತೊಳೆಯುವಾಗ, ನೀರು ಸರಾಗವಾಗಿ ಹೋಗಲೆಂದು ಜಾಲರಿ ತೆಗೆದೆ. ತಿರುಗಿ ಇಡಲು ಮರೆತೆ.

ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹೋದರೆ, ಅತ್ತೆ ಕಪ್ಪು ಕನ್ನಡಕದಲ್ಲೇ ಕೋಳಿಯ ಬಿದಿರಿನ ಮಂಕರಿಯ ಮುಂದೆ ಕೂತು, ಹುಲ್ಲಿನೊಳಗೆ ಕೈಹಾಕಿ ಮೊಟ್ಟೆ ತಡವುತ್ತಿದ್ದರು. ಕಾವು ಕೂತಿರಬೇಕಿದ್ದ ಹೇಂಟೆ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು ನಿಂತಿತ್ತು.

"ಯಾಕೋ ಇದು ಆಗ್ಲಿಂದ ಬಯ್ತಾನೇ ಇದೆ ಕಣಮ್ಮ," ಅಂದರು.

ಅವರ ಮಣಿಕಟ್ಟಿನ ಪಕ್ಕದಲ್ಲಿ ಹುಲ್ಲು ತಾನಾಗಿ ಸರಿಯಿತು.

"ಅತ್ತೆ, ಕೈ ಅಲ್ಲಾಡಿಸ್ಬೇಡಿ."

ಅವರು ಕಲ್ಲಾದರು. "ಹಾವಾ?"

"ಹೂಂ."

"ಹೆಡೆ ಇದ್ಯಾ?"

ಉತ್ತರಿಸುವ ಮೊದಲೇ ರೈಲು ಬಂತು. ನೆಲ ನಡುಗಿತು. ನಾಗರ ಹೆಡೆಯೆತ್ತಿತು, ಅವರ ಕೈಯಿಂದ ಒಂದೇ ಗೇಣು ದೂರದಲ್ಲಿ. ಬೋಗಿಗಳು ಮುಗಿಯಲೇ ಒಲ್ಲವು. ಅತ್ತೆಯ ಹಣೆಯ ಬೆವರು ಕನ್ನಡಕದ ಕೆಳಗೆ ಇಳಿಯಿತು. ಕೂಗಬೇಕೆನ್ನಿಸಿತು, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೊನೆಯ ಬೋಗಿ ದಾಟಿದ ಮೇಲೆ ಹೆಡೆ ಇಳಿಯಿತು. ಹಾವು ಮಂಕರಿಯಿಂದ ಜಾರಿ, ತೆರೆದೇ ಇದ್ದ ಮೋರಿಯೊಳಗೆ ಹೋಯಿತು.

ಅತ್ತೆ ಆ ಕಡೆ ನೋಡಿದರು.

"ಬೆಕ್ಕು ಜಾಲರಿ ತಳ್ಳಿರ್ಬೇಕು," ಎಂದೆ.

"ಇರ್ಬೋದು," ಅಂದರು.

ಆಮೇಲೆ ಬಂದವರಿಗೆಲ್ಲ ನಾನೇ ಈ ಕಥೆ ಹೇಳಿದೆ, ನಮ್ಮತ್ತೆಗೆ ಭಯವೆಂಬುದೇ ಇಲ್ಲ ಎಂದು. ಜಾಲರಿಯ ಸುದ್ದಿ ಎತ್ತಲಿಲ್ಲ.

ಈಗ ನಾವಿರುವುದು ತ್ಯಾಗರಾಜನಗರದಲ್ಲಿ, ಮೂರನೆಯ ಮಹಡಿಯಲ್ಲಿ. ನಿನ್ನೆ ಆಟೋ ಇಳಿದವಳೇ ಅತ್ತೆಯ ಕೋಣೆಗೆ ಹೋದೆ.

"ಅವತ್ತು ಜಾಲರಿ ತೆಗ್ದಿದ್ದು ನಾನೇ ಅತ್ತೆ. ಬೆಕ್ಕಲ್ಲ."

"ಗೊತ್ತಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ನಾನೂ ಅತ್ಬಿಡ್ತಿದ್ದೆ. ಅಷ್ಟು ಹೆದರ್ಕೊಂಡಿದ್ದೆ ಕಣೆ."

ಅಂದು ಇಬ್ಬರೂ ತಡೆದುಕೊಂಡದ್ದನ್ನು ನಿನ್ನೆ ಸಂಜೆ ಹಾಸಿಗೆಯ ಮೇಲೆ ಕೂತು ಅತ್ತು ಮುಗಿಸಿದೆವು.