ಗುಂಡ್ಲುಪೇಟೆ ಪದ್ಧತಿಯ ಸಿಹಿಗಾರೆ

ಮನುಷ್ಯನಾದವನು ತನ್ನ ಪೂರ್ವಿಕರು ಪಟ್ಟ ಕಷ್ಟವನ್ನು ಯಾವ ಕಾಲಕ್ಕೂ ಮರೆಯಬಾರದು. ಸ್ಮರಣೆಯೇ ಕುಲದ ಅಸ್ತಿಭಾರ. ಆದರೆ ಆ ಸ್ಮರಣೆಯಲ್ಲಿ ಒಂದು ಸೇರು ಖರ್ಜೂರಕ್ಕೆ ಎಷ್ಟು ನೀರು ಎಂಬ ಅಂಶವೂ ಸೇರಿರುತ್ತದೆ, ಮತ್ತು ಮೂವತ್ತೆರಡು ವರ್ಷ ಅದಕ್ಕಾಗಿ ಒಲೆ ಹಚ್ಚದಿದ್ದರೆ ಅದು ಮರೆತುಹೋಗುತ್ತದೆ. ನಮ್ಮ ಪಕ್ಕದ ಮನೆಯ ನರ್ಸಮ್ಮನವರಿಗೆ ಆದದ್ದು ಇಷ್ಟೇ.

ನರ್ಸಮ್ಮ ಗುಂಡ್ಲುಪೇಟೆಯಲ್ಲಿ ಹೆರಿಗೆ ಮಾಡಿಸಿಯೇ ನಿವೃತ್ತರಾದವರು. ಹುಟ್ಟಿದ್ದು ಕೊಚ್ಚಿಯ ಯೆಹೂದಿ ಕುಟುಂಬದಲ್ಲಿ. ಐವತ್ತರ ದಶಕದಲ್ಲಿ ಮನೆಮಂದಿಯೆಲ್ಲ ಹಡಗು ಹತ್ತಿ ಇಸ್ರೇಲಿಗೆ ಹೋದಾಗ ಇವರು ನರ್ಸಿಂಗ್ ಪರೀಕ್ಷೆ ಮುಗಿಸಿ ಬರುತ್ತೇನೆಂದು ಉಳಿದರು. ಪರೀಕ್ಷೆ ಮುಗಿಯಿತು, ಕೆಲಸ ಸಿಕ್ಕಿತು, ಹೋಗುವುದು ಹಾಗೇ ಉಳಿಯಿತು. ಅವರು ಕನ್ನಡ ಕಲಿತದ್ದು ಹೆರಿಗೆ ವಾರ್ಡಿನಲ್ಲಿ. ಆದ್ದರಿಂದ ಅವರ ಬಾಯಲ್ಲಿ ಆಜ್ಞೆ ಬಿಟ್ಟು ಬೇರೆ ಬರುತ್ತಿದ್ದುದು ಕಡಿಮೆ.

ತೊಂಬತ್ತರ ದಶಕದ ಆರಂಭದ ಒಂದು ಯುಗಾದಿ ಮುಗಿದ ಮಾರನೆಯ ದಿನ ಅವರು ಒಂದು ಕಾಗದ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು.

"ಸಾರ್, ಕೂತ್ಕೊಳ್ಳಿ. ಓದ್ತೀನಿ, ಕೇಳಿ. ನಗಬೇಡಿ."

ಕಾಗದ ಅವರ ಅಣ್ಣನದು, ಮಲಯಾಳಂನಲ್ಲಿತ್ತು. ಅವರು ಓದಿ ಕನ್ನಡಕ್ಕೆ ಇಳಿಸಿದ್ದರ ಸಾರಾಂಶ: ಎಪ್ಪತ್ತು ದಾಟಿದ ಅಣ್ಣ ಊರು ನೋಡಲು ಬರುತ್ತಿದ್ದಾರೆ, ಯೆಹೂದಿಗಳ ಪೆಸಹಾ ಹಬ್ಬದ ಮೊದಲ ಸಂಜೆಯ ಊಟ ತಂಗಿಯ ಮನೆಯಲ್ಲೇ. ಮುಂದಿನದು ಅಣ್ಣನದೇ ಮಾತು: ನೀನು ವರ್ಷವರ್ಷ ಬರೆದಂತೆ ಹಬ್ಬವನ್ನು ಸಾಂಗವಾಗಿ ನಡೆಸುತ್ತಿದ್ದರೆ, ನೀನು ಅಲ್ಲೇ ಇರು, ಇನ್ನು ನಾನು ಬಾಯಿ ತೆರೆಯುವುದಿಲ್ಲ. ನಡೆಸುತ್ತಿಲ್ಲವೆಂದರೆ ನಮ್ಮ ಜನರಿಲ್ಲದ ಊರಿನಲ್ಲಿ ನಿನಗೇನು ಕೆಲಸ? ಟಿಕೆಟ್ಟು ತೆಗೆದಿಟ್ಟಿದ್ದೇನೆ, ಜೊತೆಗೆ ಹೊರಡು.

"ಅಲ್ಲ ನರ್ಸಮ್ಮ, ಇಷ್ಟು ವರ್ಷ ಹಬ್ಬ ಮಾಡ್ತೀನಿ ಅಂತ ಬರೆದಿದ್ರಾ?" ಒಳಗಿನಿಂದ ನನ್ನ ಹೆಂಡತಿ ಬಂದಳು.

"ಬರೆದೆ."

"ಮಾಡ್ಲಿಲ್ವಾ?"

"ಹೆರಿಗೆ ಹಬ್ಬ ನೋಡ್ಕೊಂಡು ಬರುತ್ತಾ? ಮೊದಲನೇ ವರ್ಷ ಆಗಲಿಲ್ಲ. ಆದರೂ ಆಯ್ತು ಅಂತ ಬರೆದೆ. ಎರಡನೇ ವರ್ಷ ಅದೇ ಕಾಗದ ನೋಡ್ಕೊಂಡು ಬರೆದೆ." ಕಾಗದ ಮಡಿಸುತ್ತ ಹೇಳಿದರು: "ಸಾರ್, ನಾನು ಹೋಗಲ್ಲ. ಅಲ್ಲಿ ನನಗೆ ಯಾರು ಗೊತ್ತು? ಇಲ್ಲಿ ಬಸ್ ಸ್ಟ್ಯಾಂಡಲ್ಲಿ ನಿಂತರೆ ಅರ್ಧ ಜನದ ಹೊಕ್ಕಳು ಕತ್ತರಿಸಿದವಳು ನಾನು."

ಉಳಿದ ಅಡುಗೆ ಹೇಗೋ ಆಗುತ್ತದೆ, ಓದುವ ಪುಸ್ತಕ ಪೆಟ್ಟಿಗೆಯಲ್ಲಿದೆ, ರೊಟ್ಟಿ ಅಣ್ಣನೇ ತರುತ್ತಾರೆ. ಹೆದರಿಕೆ ಇದ್ದದ್ದು ಒಂದು ಪದಾರ್ಥದ ಬಗ್ಗೆ: ಖರ್ಜೂರ, ಒಣದ್ರಾಕ್ಷಿ, ಗೋಡಂಬಿ, ಬಾದಾಮಿ ಹಾಕಿ ಮಾಡುವ ಒಂದು ಸಿಹಿ. ಅವರ ಪೂರ್ವಿಕರು ಈಜಿಪ್ಟಿನ ರಾಜನ ಕೈಕೆಳಗೆ ಜೀತಕ್ಕಿದ್ದು ಕೆಸರು ಕಲಸಿ ಇಟ್ಟಿಗೆ ಕಟ್ಟುತ್ತಿದ್ದರಂತೆ. ಆ ಕೆಸರಿನ ನೆನಪಿಗೆ ಈ ಸಿಹಿಯನ್ನು ಕಹಿ ಸೊಪ್ಪಿನ ಜೊತೆ ತಿನ್ನಬೇಕು.

"ಬೇವು ಬೆಲ್ಲ ಅನ್ನಿ," ಎಂದಳು ನನ್ನ ಹೆಂಡತಿ. ಅವಳ ಪಾಲಿಗೆ ಯೆಹೂದಿ ಧರ್ಮದ ವಿಷಯ ಅಲ್ಲಿಗೆ ಇತ್ಯರ್ಥವಾಯಿತು.

ಸಾಮಗ್ರಿ ತರುವ ಹೊಣೆ ನನ್ನ ಮೇಲೆ ಬಿತ್ತು. ನಾನು ಆಗ ಚಾಮರಾಜನಗರದ ಕೋರ್ಟಿನಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವವನು. ಅಲ್ಲಿ ಒಣಹಣ್ಣಿನ ಅಂಗಡಿಯ ಭಾಯಿಯವರು ನನ್ನನ್ನು ಅನುಮಾನದಿಂದ ನೋಡಿದರು. "ರಂಜಾನ್ ಮುಗೀತಲ್ಲ ಸಾರ್, ಈಗ ಎರಡು ಸೇರು ಖರ್ಜೂರ ಯಾಕೆ?" ನಾನು ವಿಷಯ ಹೇಳಿದೆ. ಅವರು ತಕ್ಕಡಿಯನ್ನು ಕೆಳಗಿಟ್ಟು ಯೋಚಿಸಿದರು. "ರೇಡಿಯೋದಲ್ಲಿ ದಿನಾ ನಮ್ಮೋರಿಗೂ ಅವರಿಗೂ ಜಗಳ. ಹಬ್ಬಕ್ಕೆ ನೋಡಿದ್ರೆ ಇಬ್ಬರಿಗೂ ಅದೇ ಖರ್ಜೂರ." ಎದುರಿಗಿದ್ದ ಡಬ್ಬ ಮುಚ್ಚಿ ಒಳಗಿನಿಂದ ಮೆತ್ತಗಿನದನ್ನೇ ತಂದು ತೂಗಿದರು. "ಆ ಅಮ್ಮ ನನ್ನ ನಾದಿನಿಗೆ ಎರಡು ಹೆರಿಗೆ ಮಾಡ್ಸಿದ್ದಾರೆ. ಅದು ಬೇಡ, ಇದು ತಗೊಂಡು ಹೋಗಿ."

ಮೊದಲ ಪ್ರಯೋಗ ನನ್ನ ಹೆಂಡತಿಯದು. ಅವಳಿಗೆ ಅಡುಗೆಯಲ್ಲಿ ಹೆಸರಿತ್ತು. ಹೆಸರಿದ್ದವರು ಕೆಸರು ಮಾಡಲಾರರು. ತುಪ್ಪ, ಏಲಕ್ಕಿ, ಚಿಟಿಕೆ ಪಚ್ಚಕರ್ಪೂರ ಹಾಕಿ, ತಟ್ಟೆಗೆ ಸುರಿದು, ಮೇಲೆ ಗೋಡಂಬಿ ಒತ್ತಿ, ಚಾಕುವಿನಿಂದ ಗೆರೆ ಎಳೆದು ಚೌಕಚೌಕವಾಗಿ ಎಬ್ಬಿಸಿಕೊಟ್ಟಳು. ನರ್ಸಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಬಹಳ ಚೆನ್ನಾಗಿದೆ. ಇದು ಅಲ್ಲ."

"ಯಾಕೆ?"

"ಇದನ್ನ ತಿಂದರೆ ಜೀತ ನೆನಪಾಗಲ್ಲ ಮೋಳೇ. ಮದುವೆ ನೆನಪಾಗುತ್ತೆ." ಮೋಳೇ ಎಂದರೆ ಮಲಯಾಳಂನಲ್ಲಿ ಮಗಳೇ.

ಎರಡನೆಯ ಪ್ರಯೋಗ ನರ್ಸಮ್ಮನವರೇ, ಅಮ್ಮನ ಕೈ ನೆನೆದುಕೊಂಡು ಮಾಡಿದರು. ಅಮ್ಮ ಖರ್ಜೂರ ಬೇಯಿಸಿ ಬಟ್ಟೆಯಲ್ಲಿ ಹಿಂಡುತ್ತಿದ್ದದ್ದು ನೆನಪಿತ್ತು. ಆಮೇಲೆ ಎಷ್ಟು ಹೊತ್ತು ಕುದಿಸುತ್ತಿದ್ದಳೆಂಬುದು ನೆನಪಿರಲಿಲ್ಲ. ಆಗ ಅಣ್ಣತಂಗಿಯರು ಆಟಕ್ಕೆ ಹೋಗಿರುತ್ತಿದ್ದರು. ಫಲಿತಾಂಶ ಚಮಚದಲ್ಲಿ ಅಳೆದು ದಿನಕ್ಕೆ ಮೂರು ಸಲ ಕೊಡಬಹುದಾದಂಥದ್ದು. ನನಗೆ ಆಗ ಕೆಮ್ಮು ಇತ್ತು, ಕುಡಿದೆ. ಕೆಮ್ಮು ನಿಲ್ಲಲಿಲ್ಲ.

ಈ ಎರಡೂ ಪ್ರಯೋಗಗಳು ನಮ್ಮ ಹಿತ್ತಿಲಿನಲ್ಲೇ ನಡೆದವು. ಕಾರಣ, ಹಬ್ಬಕ್ಕೆ ಹುದುಗು ಬಂದ ಹಿಟ್ಟು ಮನೆಯಲ್ಲಿರಬಾರದೆಂಬ ನಿಯಮವಿದ್ದು, ನರ್ಸಮ್ಮನವರ ಅಡುಗೆಮನೆ ತೊಳೆಯಲು ಖಾಲಿಯಾಗಿತ್ತು. ಅವರ ಮನೆಯ ಬ್ರೆಡ್ಡು, ಬಿಸ್ಕತ್ತು, ಗೋಧಿಹಿಟ್ಟು, ಕೊನೆಗೆ ಯಾವ ಪಾಪವನ್ನೂ ಮಾಡದ ದೋಸೆಹಿಟ್ಟಿನ ಪಾತ್ರೆ ಕೂಡ ನಮ್ಮ ಮನೆಗೆ ಗಡೀಪಾರಾದವು. ನನ್ನ ಹೆಂಡತಿ ಮಡಿಯ ವಿಷಯದಲ್ಲಿ ಇಡೀ ಬೀದಿಯನ್ನು ಅಂಕೆಯಲ್ಲಿಟ್ಟಿದ್ದವಳು. ತನಗಿಂತ ಕಟ್ಟುನಿಟ್ಟಾದ ಒಂದು ಧರ್ಮವಿದೆ ಎಂದು ಅವಳಿಗೆ ಆ ವಾರ ತಿಳಿಯಿತು. ಅವಳು ಅದನ್ನು ಸುಲಭವಾಗಿ ಕ್ಷಮಿಸಲಿಲ್ಲ.

ಅದೇ ವಾರ ನಮ್ಮ ತಾರಸಿಯ ರಿಪೇರಿ ನಡೆದಿತ್ತು. ಸಿಮೆಂಟು ಎಂಬುದು ತಾತ್ಕಾಲಿಕ ವ್ಯವಸ್ಥೆ, ಲೋಕ ಮತ್ತೆ ಸುಣ್ಣದ ಗಾರೆಗೆ ಬರಲೇಬೇಕು ಎಂದು ನಂಬಿದ್ದ ಇಬ್ಬರು ಆಗ ಜಿಲ್ಲೆಯಲ್ಲಿ ಉಳಿದಿದ್ದೆವು: ನಾನು, ಮತ್ತು ಹರದನಹಳ್ಳಿಯಿಂದ ನಾನು ಕರೆಸಿದ್ದ ಮುದುಕ ಮೇಸ್ತ್ರಿ. ಆತ ಮೂರು ದಿನದಿಂದ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದವನು, ನಾಲ್ಕನೆಯ ದಿನ ತಡೆಯಲಾರದೆ ಬಗ್ಗಿದ.

"ಅವ್ವಾ, ಏನದು, ದಿನಾ ಖರ್ಜೂರ ಬೇಯ್ಸ್ತಾನೇ ಇದ್ದೀರಿ? ಯಾರ್ದು ಬಾಣಂತನ?"

"ಬಾಣಂತನ ಅಲ್ಲ. ಕೆಳಗೆ ಇಳಿ. ಕೈ ತೊಳ್ಕೋ. ಇದನ್ನ ನೋಡು."

ಮೇಸ್ತ್ರಿ ಇಳಿದುಬಂದು ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ನರ್ಸಮ್ಮ ರಾಜನ ಕಥೆ ಹೇಳತೊಡಗಿದರು.

"ಯಾವ್ ರಾಜ? ಮೈಸೂರ್ ಕಡೆಯೋನಲ್ಲ ತಾನೆ?"

"ಅಲ್ಲ. ಈಜಿಪ್ಟ್."

"ಅಂಗಾದ್ರೆ ಕತೆ ಏಳಿ. ಕೂಲಿ ಏನ್ ಕೊಡ್ತಿದ್ದ?"

"ಕೂಲಿ ಇಲ್ಲ. ಚಾವಟಿ ಏಟು."

"ರಾಜ ಅಂತೀರಲ್ಲವ್ವ, ಕಂತ್ರಾಟುದಾರ ಅನ್ನಿ." ಬೆರಳು ಅದ್ದಿ ಎತ್ತಿ ನೋಡಿದ. ಪಾಕ ತೊಟ್ಟಿಕ್ಕಿತು. "ಇದ್ರಲ್ಲಿ ಒಂದ್ ಇಟ್ಟಿಗೆ ನಿಲ್ಲಾಕಿಲ್ಲ ಬುಡಿ. ಬೆಲ್ಲ ಆಕಿದ್ದೀರಾ?"

"ಇಲ್ಲ. ಖರ್ಜೂರದ್ದೇ ಸಿಹಿ."

"ಅದೇ ಮತ್ತೆ! ಗಾರೆಗೆ ಬೆಲ್ಲದ್ ನೀರು, ಅಳಲೆಕಾಯ್ ನೀರು ಬುಡ್ದೆ ಇದ್ರೆ ಇಡಿಯಾಕಿಲ್ಲ ಕಣವ್ವಾ. ನಮ್ಮಪ್ಪ, ನಮ್ಮ್ ತಾತ ಎಲ್ಲಾ ಅಂಗೇ ಮಾಡಿದ್ದು. ನಿಮ್ಮೋರು ಗಾರೆ ಕಲಸಿದ್ರು ಅಂದ್ಮೇಲೆ ಬೆಲ್ಲ ಆಕೇ ಇರ್ತಾರೆ."

ನರ್ಸಮ್ಮ ಅವನನ್ನೇ ನೋಡಿದರು. ಜೀತದ ಕೆಸರು ಸಿಹಿ ಏಕೆಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದಾಗ ಅವರಿಗೆ ತಲೆಯ ಮೇಲೆ ಒಂದು ಮೊಟಕು ಸಿಕ್ಕಿತ್ತಂತೆ. ಈಗ ಸಿಕ್ಕಿದ್ದು ಮೊಟ್ಟಮೊದಲ ಉತ್ತರ.

ಅಂದಿನಿಂದ ತಾರಸಿಯ ಕೆಲಸ ನಿಂತಿತು, ಕೂಲಿ ನಿಲ್ಲಲಿಲ್ಲ. ಮೇಸ್ತ್ರಿ ನರ್ಸಮ್ಮನವರ ಒರಳುಕಲ್ಲನ್ನು ಪರೀಕ್ಷಿಸಿ, ಮೂವತ್ತು ವರ್ಷದ ದೋಸೆಹಿಟ್ಟು ಕುಡಿದ ಕಲ್ಲು ಬರೀ ನೀರಿನಲ್ಲಿ ಶುದ್ಧವಾಗುವುದಿಲ್ಲವೆಂದು ಉಳಿಯಿಂದ ಮೈಯೆಲ್ಲ ಹೊಸದಾಗಿ ಕೆತ್ತಿದ. ನನ್ನ ಹೆಂಡತಿ ಕೂಡ ಇದಕ್ಕೆ ತಲೆದೂಗಿದಳು. ಅಳಲೆಕಾಯಿಯ ಪ್ರಸ್ತಾಪವನ್ನು ನರ್ಸಮ್ಮ ತಳ್ಳಿಹಾಕಿದರು: "ಬೇಡ. ಭೇದಿ ಆಗುತ್ತೆ." ರುಬ್ಬಿದ್ದನ್ನು ಗಾರೆಯ ಹಾಗೆ ಏಳು ದಿನ ಕೊಳೆ ಹಾಕಬೇಕೆಂದು ಮೇಸ್ತ್ರಿ ಹಟ ಹಿಡಿದ. ಕೊಳೆತರೆ ಹುದುಗು ಬಂದಂತೆಯೇ, ಹಬ್ಬ ಕೆಡುತ್ತದೆ ಎಂದು ನರ್ಸಮ್ಮ. ಬಹಳ ಹೊತ್ತಿನ ವಾದವಾದ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಎಂದು ರಾಜಿಯಾಯಿತು.

ಕೊನೆಯ ತೊಡಕು ಗಾರೆ ಬಳಿಯುವ ಕರಣೆಯದು. ಹದ ನೋಡುವುದು ಕರಣೆಯಲ್ಲೇ, ಚಮಚದಲ್ಲಿ ಅಲ್ಲ ಎಂದ ಮೇಸ್ತ್ರಿ. ಹೊಸ ಕರಣೆ ತರಿಸಿದೆ. ನನ್ನ ಹೆಂಡತಿ ಅದನ್ನು ಹುಣಸೆಹಣ್ಣಿನಿಂದ ಉಜ್ಜಿ ಕೊಟ್ಟಳು. ನರ್ಸಮ್ಮ ಅದನ್ನು ಸೀದಾ ಕುದಿಯುವ ನೀರಿಗೆ ಹಾಕಿ, ನಾಡಿ ನೋಡುವ ಗಡಿಯಾರ ಹಿಡಿದು ಇಪ್ಪತ್ತು ನಿಮಿಷ ನಿಂತರು. ಅದು ಧರ್ಮದ ನಿಯಮವೋ ಹೆರಿಗೆ ವಾರ್ಡಿನದೋ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಹಬ್ಬದ ದಿನ ಖರ್ಜೂರ, ದ್ರಾಕ್ಷಿ, ಒಂದು ಮುಷ್ಟಿ ಬೆಲ್ಲ, ಶುಂಠಿ ಎಲ್ಲ ಒರಳಿಗೆ ಬಿದ್ದವು. ನರ್ಸಮ್ಮ ರುಬ್ಬಿದರು. ಮೇಸ್ತ್ರಿ ಪಕ್ಕದಲ್ಲಿ ನಿಂತು, "ಬ್ಯಾಗ ಬ್ಯಾಡಿ, ನಿಧಾನ, ನಿಧಾನ... ಆಂ, ಈಗ ಜಲ್ಲಿ ಬುಡಿ," ಎಂದ. ಜಲ್ಲಿ ಎಂದರೆ ಗೋಡಂಬಿ ಬಾದಾಮಿಗಳ ಚೂರು. ಸಂಜೆ ನಾಲ್ಕಕ್ಕೆ ಒಂದು ಕರಣೆ ಎತ್ತಿ ತಲೆಕೆಳಗು ಹಿಡಿದ. ಬೀಳಲಿಲ್ಲ.

"ಇದ್ರ ಮ್ಯಾಲೆ ಗೋಪುರ ಕಟ್ಟಿ," ಎಂದು ಮೇಸ್ತ್ರಿ ಊರಿಗೆ ಹೊರಟುಹೋದ.

ಅದಾದ ಮೇಲೆ, ಐದರ ಕಲ್ಲಿಕೋಟೆಯ ಬಸ್ಸಿನಲ್ಲಿ ಅಣ್ಣ ಬಂದಿಳಿದರು. ತೆಳ್ಳಗೆ, ನೆಟ್ಟಗೆ, ತಲೆಗೆ ಟೋಪಿ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅದರೊಳಗೆ ಹಪ್ಪಳದಂತೆ ಕಾಣುವ, ಆದರೆ ಹಪ್ಪಳದ ಯಾವ ಸದ್ಗುಣವೂ ಇಲ್ಲದ ರೊಟ್ಟಿ. ಅವರು ತಂಗಿಯ ಮನೆಯ ಕಪಾಟುಗಳನ್ನೆಲ್ಲ ತೆಗೆದು ನೋಡಿದರು, ಅಂಚಿನಲ್ಲಿ ಬೆರಳಾಡಿಸಿದರು, ಏನೂ ಹೇಳಲಿಲ್ಲ. ತಪಾಸಣೆಗೆ ಬಂದ ಜಿಲ್ಲಾ ಜಡ್ಜರನ್ನು ನಾನು ಬಹಳ ನೋಡಿದ್ದೇನೆ. ಏನೂ ಹೇಳದವರೇ ಅಪಾಯ.

ಸಂಜೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಊಟಕ್ಕೆ ಮುಂಚೆ ಪುಸ್ತಕ ಓದುವುದಿತ್ತು. ಜೀತದಿಂದ ಬಿಡುಗಡೆಯಾದ ಕಥೆ ಎಂದರು. ಅವರ ಪೂರ್ವಿಕರು ಬಿಡುಗಡೆಯಾಗುವಷ್ಟರಲ್ಲಿ ನನ್ನ ಹಸಿವು ಇಂಗಿಹೋಗಿತ್ತು. ನಡುನಡುವೆ ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ ಕುಡಿಯುವ ಅವಕಾಶವಿದ್ದದ್ದರಿಂದ ಬದುಕಿದೆವು. ಕಡೆಗೆ ಆ ಬಟ್ಟಲು ಬಂತು.

ಅಣ್ಣ ಸೊಪ್ಪನ್ನು ಅದರಲ್ಲಿ ಅದ್ದಲು ನೋಡಿದರು. ಸೊಪ್ಪು ಮುರಿಯಿತು. ಚಮಚ ತೆಗೆದುಕೊಂಡು, ಒಂದಿಷ್ಟು ಎತ್ತಿ, ತಾವೇ ತಲೆಕೆಳಗು ಹಿಡಿದರು. ಬೀಳಲಿಲ್ಲ. ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಚಮಚ ಕೆಳಗಿಟ್ಟು ಮಲಯಾಳಂನಲ್ಲಿ ಒಂದು ಮಾತು ಹೇಳಿದರು. ಗುಂಡ್ಲುಪೇಟೆಯವರಿಗೆ ಅಷ್ಟು ಮಲಯಾಳಂ ಅರ್ಥವಾಗುತ್ತದೆ: ಅಮ್ಮನದು ಜೇನಿನ ಹಾಗೆ ಹರಿಯುತ್ತಿತ್ತು. ಇದು ಅಮ್ಮನದಲ್ಲ.

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನರ್ಸಮ್ಮನವರ ಮುಖದಲ್ಲಿ ಏನೂ ಕಾಣಲಿಲ್ಲ; ಮಗು ಅಡ್ಡ ತಿರುಗಿದೆ ಎಂದು ಗೊತ್ತಾದಾಗಲೂ ಅವರು ಹೀಗೇ ಇರುತ್ತಿದ್ದರಂತೆ.

"ಅಮ್ಮನದು ಕೊಚ್ಚಿಯ ಪದ್ಧತಿ," ಎಂದರು. "ಇದು ಗುಂಡ್ಲುಪೇಟೆ ಪದ್ಧತಿ."

ಅಣ್ಣ ಟೋಪಿ ಸರಿಮಾಡಿಕೊಂಡರು. ಅವರು ಶಾಸ್ತ್ರ ಓದಿಕೊಂಡವರು. ಒಂದು ಊರಿನಲ್ಲಿ ನೆಲೆಯಾದ ಪದ್ಧತಿಯಿದ್ದರೆ ಹೊರಗಿನಿಂದ ಬಂದವನು ಅದನ್ನು ಮುರಿಯಬಾರದು ಎಂದು ಅವರ ಶಾಸ್ತ್ರದಲ್ಲಿದೆಯಂತೆ. ನಮ್ಮ ಕೋರ್ಟಿನಲ್ಲೂ ರೂಢಿಗೆ ಬೆಲೆಯುಂಟು, ಆದರೆ ಸಾಕ್ಷಿ ಬೇಕು. ಅವರೂ ಸಾಕ್ಷಿಯನ್ನೇ ಕೇಳಿದರು.

"ಈ ಊರಲ್ಲಿ ಎಷ್ಟು ಜನ ಯೆಹೂದಿಗಳು ಹೀಗೆ ಮಾಡ್ತಾರೆ?"

"ಎಲ್ಲರೂ," ಎಂದರು ಊರಿನ ಏಕೈಕ ಯೆಹೂದಿ.

ಅಣ್ಣ ನನ್ನ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: ಇದು ನಿಜವೇ? ಇಲ್ಲಿ ಬೇರೆ ಥರ ಮಾಡುವುದನ್ನು ನೀವು ಕಂಡಿದ್ದೀರಾ?

ಇಪ್ಪತ್ತಾರು ವರ್ಷ ಇತರರ ಸುಳ್ಳನ್ನು ದುಂಡಗೆ ಬರೆದುಕೊಂಡವನು ನಾನು. ಸ್ವತಃ ಕಟಕಟೆ ಹತ್ತಿರಲಿಲ್ಲ. ಬರ್ಫಿಯೂ ಕೆಮ್ಮಿನ ಔಷಧಿಯೂ ಕಣ್ಣ ಮುಂದೆ ಬಂದವು. ಗುಂಡ್ಲುಪೇಟೆಯಲ್ಲಿ ಈ ಪದಾರ್ಥವನ್ನು ಬೇರೆ ರೀತಿಯಲ್ಲಿ ಮಾಡಿ ಹಬ್ಬಕ್ಕೆ ಬಡಿಸಿದ ಒಂದೇ ಒಂದು ಉದಾಹರಣೆಯೂ ನನ್ನ ತಿಳಿವಳಿಕೆಯಲ್ಲಿ ಇಲ್ಲ ಎಂದು ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ರಾತ್ರಿ ಮನೆಗೆ ಬಂದು ಮತ್ತೆ ಮತ್ತೆ ಪರಿಶೀಲಿಸಿದ್ದೇನೆ.

"ಪ್ರತಿ ವರ್ಷ ಹಿಂಗೇ ಕಣಣ್ಣ," ಎಂದಳು ಯಾರೂ ಕೇಳದಿದ್ದ ನನ್ನ ಹೆಂಡತಿ. ಅವಳಿಗೆ ಕೋರ್ಟಿನ ಶಿಕ್ಷಣ ಇರಲಿಲ್ಲ.

ಅಣ್ಣ ತಂಗಿಯನ್ನು ನೋಡಿದರು. ತಂಗಿ ಅಣ್ಣನನ್ನು ನೋಡಿದರು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಯಾರು ಎಷ್ಟು ಸುಳ್ಳು ಹೇಳಬಲ್ಲರೆಂಬುದು ಇಬ್ಬರಿಗೂ ಗೊತ್ತಿದ್ದಿರಬೇಕು. ಅಣ್ಣ ಚಮಚ ತೆಗೆದುಕೊಂಡು ಬಟ್ಟಲಿನಿಂದ ಇನ್ನಷ್ಟು ಅಗೆದು ಹಾಕಿಕೊಂಡರು.

"ಇದರಲ್ಲಿ ಬೆಲ್ಲ ಯಾಕೆ?" ಎಂದು ಕೇಳಿದರು.

"ಹಾಕದೆ ಇದ್ದರೆ ಹಿಡಿಯಲ್ಲ," ಎಂದರು ನರ್ಸಮ್ಮ.

ಹಬ್ಬದ ಮೊದಲ ಎರಡು ದಿನ ಪ್ರಯಾಣ ಕೂಡದಾದ್ದರಿಂದ ಅಣ್ಣ ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೊರಟರು. ಒಬ್ಬರೇ ಹೋದರು.