ನಾಲ್ಕು ಖಾಲಿ ಬೋನುಗಳ ಒಡತಿ

ಬೆಳಕು ಹರಿಯುವ ಹೊತ್ತು. ಸೇತುವೆಯ ಕೆಳಗೆ ಒಂದು ದೋಣಿ, ದೋಣಿಯಲ್ಲಿ ಇಬ್ಬರು, ಇಬ್ಬರ ನಡುವೆ ಮುಗಿಯದ ಜಗಳ. ಹುಟ್ಟು ಹಾಕುತ್ತಿರುವವರು ಮೈದುನ. ಹಗ್ಗ ಹಿಡಿದು ಏಡಿ ಬೋನು ಎಳೆಯುತ್ತಿರುವವರು ಐವತ್ತೆಂಟರ ಅತ್ತಿಗೆ. ಮೈದುನ ಕರೆದದ್ದೇ ನೆಪ, ಈಗ ಇಡೀ ದೋಣಿಕಟ್ಟೆಗೆ ಅವರು ಅತ್ತಿಗೆ, ವಯಸ್ಸಿನಲ್ಲಿ ಹಿರಿಯರಿಗೂ.

"ನಿಧಾನಕ್ಕೆ ಹಾಕೋ ಮಹರಾಯ, ತೊಟ್ಟಿಲು ತೂಗಿದ ಹಾಗಾಗ್ತಿದೆ."

"ನೀವು ಎಳೀರಿ ಅತ್ತಿಗೆ. ಉಪದೇಶ ಎಲ್ಲ ದಡಕ್ಕೆ ಹೋದ್ಮೇಲೆ."

ಮೂವತ್ತು ವರ್ಷಗಳಿಂದ ಬಲೆ ರಿಪೇರಿಯೇ ಅತ್ತಿಗೆಯ ಕಸುಬು. ಎಲೆಮರೆಯ ಕಾಯಿ ಎನ್ನುವುದಕ್ಕಿಂತ ಬಲೆಮರೆಯ ಕೈ ಎನ್ನಬೇಕು. ಊರ ಏಡಿ ಸಿಕ್ಕಿಬಿದ್ದರೆ ದಾರವನ್ನು ಜಗಿದು ಜುಂಗು ಮಾಡುತ್ತದೆ. ಎರಡು ವರ್ಷದ ಹಿಂದೆ ನಯವಾಗಿ ಕತ್ತರಿಸಿದ ಬಲೆಗಳು ಬರತೊಡಗಿದವು.

"ಚಾಕು ಕೆಲಸ ಅಂದ್ಕೊಂಡೆ. ಸೊಂಟದಲ್ಲಿ ಚಾಕು ಇಟ್ಕೊಂಡು ತಿರುಗೋನು ಇವನೊಬ್ಬನೇ. ಒಂದು ತಿಂಗಳು ಮಾತು ಬಿಟ್ಟೆ."

"ಊಟಕ್ಕೂ ಕರೀಲಿಲ್ಲ," ಮೈದುನ ಸೇರಿಸುತ್ತಾರೆ.

ಕೊನೆಗೆ ನಿಜವಾದ ಕಳ್ಳ ಬಲೆಯಲ್ಲೇ ಸಿಕ್ಕಿಬಿದ್ದ: ಹಸಿರು ಬೆನ್ನಿನ, ಯಾರೂ ಕಂಡಿರದ ಏಡಿ. ಯಾವುದೋ ಹಡಗಿನ ತಳದ ನೀರಲ್ಲಿ ಬಂದಿಳಿದದ್ದಂತೆ. ಮೀನುಗಾರಿಕೆ ಕಚೇರಿಯ ಸಾಹೇಬರ ಮೂಗಿನ ದನಿಯನ್ನು ಅತ್ತಿಗೆ ಹಾಗೇ ತೆಗೆಯುತ್ತಾರೆ: "ಸದರಿ ಏಡಿಯನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು." ಹಾಜರುಪಡಿಸಿದರು, ಬಕೆಟ್ಟಿನಲ್ಲಿ. ಅದು ಮೇಜಿನ ಮೇಲೆ ಅಡ್ಡಡ್ಡ ನಡೆಯಿತು. "ಅಲ್ಲಿ ಫೈಲೂ ನೇರ ಹೋಗಲ್ಲ ನೋಡಿ. ಏಡಿಗೆ ತವರುಮನೆ ಅನ್ನಿಸಿರಬೇಕು."

ಸೇತುವೆಯಿಂದ ಹೊಳೆಯ ಮೇಲಕ್ಕೆ ಚಿಪ್ಪುಮೀನಿನ ಹಾಸು, ನಲವತ್ತು ಮನೆಗಳ ಅನ್ನ. ಹಸಿರು ಏಡಿ ಅಲ್ಲಿ ಹೊಕ್ಕರೆ ಎಳೆಯ ಚಿಪ್ಪು ಒಂದೂ ಉಳಿಯದು. ಅದಕ್ಕೇ ಅತ್ತಿಗೆ ಬಾಯಿ ಕಿರಿದಾದ ಬೋನುಗಳನ್ನು ತಾವೇ ಹೆಣೆದಿದ್ದಾರೆ. ಸೇತುವೆಯ ಕೆಳಗಿನ ಹದಿನೆಂಟರಲ್ಲಿ ದಿನಕ್ಕೆ ಮುನ್ನೂರು ಏಡಿ ಬಿದ್ದು ಗೊಬ್ಬರದ ಗುಂಡಿ ಸೇರುತ್ತವೆ. ಮೇಲಿನ ನಾಲ್ಕು ಬರೀ ಕಾವಲಿಗೆ. ಹೋದ ತಿಂಗಳು ಅಲ್ಲೂ ಒಂದು ಬಿತ್ತು. ಮೂವತ್ತು ದಿನ ಇನ್ನೊಂದು ಬೀಳದಿದ್ದರೆ ಅದು ಒಂಟಿ ಅಲೆಮಾರಿ, ಸಂಸಾರ ಹೂಡಿಲ್ಲ ಎಂದು ಕಚೇರಿಯ ಲೆಕ್ಕ. ಇವತ್ತು ಮೂವತ್ತನೆಯ ದಿನ.

ದೋಣಿ ಸೇತುವೆ ದಾಟಿ ಮೇಲಿನ ಬೋನುಗಳಿಗೆ ಬರುತ್ತದೆ. ಮೊದಲನೆಯದು ಖಾಲಿ. ಎರಡು, ಮೂರು, ಖಾಲಿ. ನಾಲ್ಕನೆಯದರಲ್ಲಿ ಏನೋ ಅಲುಗುತ್ತಿದೆ. ಮೈದುನ ಹುಟ್ಟು ಎತ್ತಿ ಹಿಡಿದು ಬಗ್ಗಿ ನೋಡುತ್ತಾರೆ. ಅತ್ತಿಗೆ ಕೈ ಹಾಕಿ ತೆಗೆದರೆ ಕಂದು ಬೆನ್ನಿನ, ಅಪ್ಪಟ ಊರ ಏಡಿ. ಬೆರಳಿಗೆ ಕಚ್ಚಿದರೂ ಅವರು ನಗುತ್ತಲೇ ಅದನ್ನು ನೀರಿಗೆ ಬಿಡುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ, ಅತ್ತಿಗೆ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಾರೆ. "ಈ ನಾಲ್ಕು ಬೋನು ಹಿಂಗೇ ಖಾಲಿ ಬರ್ತಿರಲಿ. ಹೆಣೆದ ಗಂಟೇನೋ ಗಟ್ಟಿಯಾಗಿದೆ, ನಾನೇ ಹಾಕಿದ್ದಲ್ವಾ."